‘ಅಧ್ಯಯನ ಮಾಡಿಸಿ’ ಎನ್ನುವಾಗ ಯಾವ ಅಧ್ಯಯನ ಎಂದೂ ಕೇಳಬೇಕು

2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆಯಿತು. ಊರಿಗೆ ಅಂಟಿಕೊಂಡಂತೆ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಎಂದು ಜನ ಬೀದಿಗಿಳಿದರು, ಗವಿಮಠದ ಸ್ವಾಮೀಜಿಯವರೂ ಅವರ ಜೊತೆ ನಿಂತರು. ಇಂಥ ವಿವಾದ ಎಲ್ಲಿ ಎದ್ದರೂ ಒಂದು ಮಾತು ಎರಡೂ ಕಡೆಯಿಂದ ಬರುತ್ತದೆ. ದೂಳಿನಿಂದ ಕಾಯಿಲೆ ಬರುತ್ತಿದೆ, ಅಧ್ಯಯನ ಮಾಡಿಸಿ ಎನ್ನುತ್ತಾರೆ ಹಳ್ಳಿಯವರು. ಎಲ್ಲವೂ ಮಿತಿಯೊಳಗಿದೆ, ಅಧ್ಯಯನವೇ ಹಾಗೆ ಹೇಳಿದೆ ಎನ್ನುತ್ತದೆ ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ವರದಿ ಇರಬಹುದು. ಎರಡೂ ಸುಳ್ಳಾಗಿರದೆ ಇರಬಹುದು. ಆದರೂ ಜನ ಕೇಳಿದ ಪ್ರಶ್ನೆಗೆ ಎರಡರಲ್ಲೂ ಉತ್ತರ ಇಲ್ಲದಿರಬಹುದು.

ಸಂಶೋಧನೆಯಲ್ಲಿ ಹಲವು ಬಗೆಗಳಿವೆ, ಒಂದೊಂದು ಬಗೆ ಒಂದೊಂದು ಥರದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲದು. ಪ್ರಶ್ನೆಗೆ ಹೊಂದದ ಬಗೆಯನ್ನು ಆರಿಸಿಕೊಂಡರೆ ಎಷ್ಟು ಪ್ರಾಮಾಣಿಕವಾಗಿ ದುಡಿದರೂ ಕೈಗೆ ಸಿಗುವುದು ಬೇರೆ ಯಾವುದೋ ಪ್ರಶ್ನೆಯ ಉತ್ತರ. ಪಿಎಚ್‌.ಡಿ. ಕೋರ್ಸ್‌ವರ್ಕ್‌ನಲ್ಲಿ ಇದನ್ನು ಒಂದು ಪಟ್ಟಿಯಂತೆ ಬಾಯಿಪಾಠ ಮಾಡಿಸುತ್ತಾರೆ: ಮೂಲ, ಅನ್ವಯಿಕ, ವಿವರಣಾತ್ಮಕ, ಪ್ರಾಯೋಗಿಕ, ಗುಣಾತ್ಮಕ, ಪರಿಮಾಣಾತ್ಮಕ. ಪರೀಕ್ಷೆ ಮುಗಿದ ಮೇಲೆ ಆ ಪಟ್ಟಿ ಯಾರಿಗೂ ನೆನಪಿರುವುದಿಲ್ಲ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಜಿಲ್ಲೆಗಳಲ್ಲಿ ನೀರು, ನೆಲ, ಗಾಳಿ, ಮಕ್ಕಳ ಊಟ ಎಲ್ಲವೂ ಯಾವುದೋ ವರದಿಯ ಮೇಲೆ ನಿರ್ಧಾರವಾಗುತ್ತಿರುವಾಗ ಈ ವ್ಯತ್ಯಾಸ ಪಠ್ಯಪುಸ್ತಕದಲ್ಲೇ ಉಳಿದರೆ ನಮಗೇ ನಷ್ಟ.

ದೂಳಿನ ವಿಷಯವನ್ನೇ ಮೊದಲು ನೋಡೋಣ. ಕೊಪ್ಪಳದ ಪಕ್ಕದಲ್ಲಿ ಕಾರ್ಖಾನೆಗಳಿರುವ ಗಿಣಿಗೇರಾ ಸುತ್ತಿನ ಹಳ್ಳಿಗಳಲ್ಲಿ ಗಾಳಿ ಹೇಗಿದೆ ಎಂಬುದು ಒಂದು ಪ್ರಶ್ನೆ. ಅದಕ್ಕೆ ಅಳತೆ ಸಾಕು: ಯಂತ್ರ ಇಡಬೇಕು, ವರ್ಷವಿಡೀ ಅಳೆಯಬೇಕು, ಗಾಳಿ ಬೀಸುವ ದಿಕ್ಕನ್ನೂ ಬರೆದಿಡಬೇಕು. ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 40 ಮೈಕ್ರೊಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಳೆದ ಗೆರೆ 5 ಮೈಕ್ರೊಗ್ರಾಂ. ಅಂದರೆ ನಮ್ಮ ಮಿತಿಯನ್ನು ದಾಟದ ಗಾಳಿಯೂ ಆ ಗೆರೆಗಿಂತ ಎಂಟು ಪಟ್ಟು ಕೆಟ್ಟಿರಬಹುದು. ‘ಮಿತಿಯೊಳಗಿದೆ’ ಎಂಬ ಮಾತು ಕಾನೂನು ಕೇಳಿದ ಪ್ರಶ್ನೆಗೆ ಉತ್ತರ. ತಾಯಿ ತನ್ನ ಮಗುವಿನ ಕೆಮ್ಮಿನ ಬಗ್ಗೆ ಕೇಳಿದ ಪ್ರಶ್ನೆಗೆ ಅಲ್ಲ.

ಈ ಹಳ್ಳಿಗಳಲ್ಲಿ ಈಗ ಎಷ್ಟು ಜನಕ್ಕೆ ಕೆಮ್ಮು, ದಮ್ಮು ಇದೆ ಎಂಬುದು ಎರಡನೇ ಪ್ರಶ್ನೆ. ಆರೋಗ್ಯ ಶಿಬಿರ ಹಾಕಿ, ಮನೆ ಮನೆಗೆ ಹೋಗಿ ಒಂದೇ ಸಲಕ್ಕೆ ಎಣಿಸಿ ಬರುವ ಸಮೀಕ್ಷೆ ಇದಕ್ಕೆ ತಕ್ಕದ್ದು. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ನಾವು ಎಡವುವುದು ಇದರ ನಂತರ. ಎಣಿಕೆ ಕೈಗೆ ಬಂದ ಕೂಡಲೇ ಒಬ್ಬರು ‘ಕಾರ್ಖಾನೆಯಿಂದಲೇ ಬಂತು’ ಎನ್ನುತ್ತಾರೆ, ಇನ್ನೊಬ್ಬರು ‘ಬೇರೆ ಊರಿನಲ್ಲೂ ಇಷ್ಟೇ ಇದೆ, ಕಾರ್ಖಾನೆಗೆ ಸಂಬಂಧವಿಲ್ಲ’ ಎನ್ನುತ್ತಾರೆ. ಇಬ್ಬರ ಮಾತಿಗೂ ಆ ಸಮೀಕ್ಷೆಯಲ್ಲಿ ಆಧಾರವಿಲ್ಲ. ಒಲೆಯ ಹೊಗೆ ಕುಡಿದವರೆಷ್ಟು, ಬೀಡಿ ಸೇದುವವರೆಷ್ಟು, ಕಾರ್ಖಾನೆ ಬರುವ ಮೊದಲೇ ದಮ್ಮು ಇದ್ದವರೆಷ್ಟು ಎಂಬುದು ಅದರಲ್ಲಿ ಬೇರೆಯಾಗಿ ಬರುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ದಮ್ಮು ತಡೆಯಲಾರದವರು ಊರು ಬಿಟ್ಟು ನೆಂಟರ ಮನೆ ಸೇರಿರುತ್ತಾರೆ. ಕೆಲಸಕ್ಕೆಂದು ಹೊರಗಿನಿಂದ ಬಂದ ಗಟ್ಟಿ ಮೈಯ ಹುಡುಗರು ಎಣಿಕೆಯಲ್ಲಿ ಸೇರಿಕೊಳ್ಳುತ್ತಾರೆ. ಹೀಗಾಗಿ ದೂಳು ಹೆಚ್ಚಿದ ಊರೇ ಆರೋಗ್ಯವಂತ ಊರಿನಂತೆ ಕಾಣಿಸಲೂಬಹುದು.

ಕಾರಣ ಯಾವುದು ಎಂಬುದು ಮೂರನೇ ಪ್ರಶ್ನೆ, ಎಲ್ಲಕ್ಕಿಂತ ಕಷ್ಟದ್ದು. ಜನರಿಗೆ ಬೇಕೆಂದೇ ದೂಳು ಕುಡಿಸಿ ಪ್ರಯೋಗ ಮಾಡುವಂತಿಲ್ಲ. ಹಾಗಾದರೆ ದಾರಿ ಯಾವುದು? ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರಿನ ಕಥೆಯಲ್ಲಿ ಉತ್ತರ ಇದೆ. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಆಸ್ಪತ್ರೆಗಳಲ್ಲಿದ್ದ ಕ್ಯಾನ್ಸರ್ ರೋಗಿಗಳನ್ನೂ, ಅದೇ ವಯಸ್ಸಿನ ಬೇರೆ ಕಾಯಿಲೆಯವರನ್ನೂ ಜೋಡಿಯಾಗಿಟ್ಟು ಹಿಂದಿನ ಅಭ್ಯಾಸಗಳನ್ನು ಕೇಳಿದರು. ಕಾಯಿಲೆಯಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕುವ ಈ ಬಗೆಗೆ ಕೇಸ್–ಕಂಟ್ರೋಲ್ ಅಧ್ಯಯನ ಎನ್ನುತ್ತಾರೆ. ಸುಳಿವು ಗಟ್ಟಿಯಾಗಿತ್ತು, ಆದರೆ ರೋಗಿಗಳ ನೆನಪನ್ನು ಎಷ್ಟು ನಂಬುವುದು ಎಂಬ ಆಕ್ಷೇಪ ಬಂತು. ಆಗ 1951ರಲ್ಲಿ ಅವರೇ ಸುಮಾರು 40 ಸಾವಿರ ವೈದ್ಯರ ಧೂಮಪಾನದ ಅಭ್ಯಾಸವನ್ನು ಮೊದಲೇ ಬರೆಸಿಕೊಂಡು, ಮುಂದೆ ಯಾರಿಗೆ ಏನಾಗುತ್ತದೆ ಎಂದು ಕಾದು ನೋಡತೊಡಗಿದರು. ಇದು ಕೋಹಾರ್ಟ್ ಅಧ್ಯಯನ, ಆರೋಗ್ಯವಂತರಿಂದ ಶುರುಮಾಡಿ ಮುಂದಕ್ಕೆ ಹಿಂಬಾಲಿಸುವ ಬಗೆ. ಆ ಅಧ್ಯಯನ 50 ವರ್ಷ ನಡೆಯಿತು.

ಗಿಣಿಗೇರಾ ಭಾಗಕ್ಕೆ ಬೇಕಿರುವುದೂ ಇಂಥದ್ದೇ. ಕಾರ್ಖಾನೆಯಿಂದ ಬೇರೆ ಬೇರೆ ದೂರದಲ್ಲಿರುವ ಹಳ್ಳಿಗಳ ಶಾಲಾ ಮಕ್ಕಳ ಉಸಿರಾಟದ ಸಾಮರ್ಥ್ಯವನ್ನು ಈಗಲೇ ಅಳೆದು, ಅದೇ ಮಕ್ಕಳನ್ನು ವರ್ಷ ವರ್ಷವೂ ಮತ್ತೆ ಅಳೆಯಬೇಕು. ಅದರ ಪಕ್ಕದಲ್ಲೇ ಗಾಳಿಯ ಅಳತೆಯೂ ನಡೆಯಬೇಕು. ಹೊಸ ಕುಲುಮೆ ಎದ್ದ ಮೇಲೆ ಶುರುಮಾಡಿದರೆ ‘ಮೊದಲು ಹೇಗಿತ್ತು’ ಎಂಬ ಅರ್ಧ ಉತ್ತರ ಶಾಶ್ವತವಾಗಿ ಕಳೆದುಹೋಗುತ್ತದೆ. ಹಾಗೆಂದು ಫಲಿತಾಂಶ ಬರುವವರೆಗೆ ದೂಳು ಹಾರುತ್ತಿರಲಿ ಎಂದು ನಾನು ಹೇಳುತ್ತಿಲ್ಲ. ದೂಳು ಶ್ವಾಸಕೋಶಕ್ಕೆ ಕೆಟ್ಟದ್ದೆಂದು ಜಗತ್ತಿಗೆ ಈಗಾಗಲೇ ಗೊತ್ತು. ಅದನ್ನು ಕೊಪ್ಪಳದ ಮಕ್ಕಳ ಮೇಲೆ ಹೊಸದಾಗಿ ಸಾಬೀತು ಮಾಡಿ ಆಮೇಲೆ ತಡೆಯೋಣ ಎನ್ನುವುದು ಅನ್ಯಾಯ.

ಗದ್ದೆಯಲ್ಲಿ ಪ್ರಯೋಗ, ಬಿಸಿಯೂಟದಲ್ಲಿ ಹೋಲಿಕೆ

ಪ್ರಯೋಗ ಸಾಧ್ಯವಿರುವ ಕಡೆ ಅದಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದಿಲ್ಲ. ಭತ್ತದ ಕಣಜ ಎಂದು ಹೆಸರಾದ ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಉಪ್ಪಿನಿಂದ, ನಿಂತ ನೀರಿನಿಂದ ಕೆಟ್ಟ ಸವುಳು–ಜವುಳು ಭೂಮಿಯನ್ನು ಮತ್ತೆ ಸಾಗುವಳಿಗೆ ತರುವ ಕೆಲಸದಲ್ಲಿ ಅದು ಬಹಳ ಕಾಲದಿಂದ ತೊಡಗಿದೆ. ಎರೆ ನೆಲಕ್ಕೆ ವರ್ಷಕ್ಕೆ ಎರಡು ಸಲ ಭತ್ತದ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರುತ್ತದೆ, ಅದರ ಜೊತೆ ಉಪ್ಪೂ ಮೇಲೆ ಬರುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಬೆಳ್ಳಗೆ ಉಪ್ಪು ಹೂತ ಹೊಲ ಅವರ ಕಣ್ಣೆದುರೇ ಇದೆ. ಉಪ್ಪು ತಡೆಯುವ ತಳಿ ಯಾವುದು, ಬಸಿಗಾಲುವೆ ಎಷ್ಟು ಅಂತರದಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿ ಹೊಲದಲ್ಲೇ ಉತ್ತರ ಹುಡುಕುತ್ತಾರೆ.

ಹೊಸ ತಳಿಯನ್ನು ಒಂದು ಮಡಿಯಲ್ಲಿ, ಹಳೆಯದನ್ನು ಪಕ್ಕದ ಮಡಿಯಲ್ಲಿ ಹಾಕಿ ಇಳುವರಿ ತೂಗಿದರೆ ಸಾಲದು. ಹೊಸ ತಳಿ ಹಾಕಿದ ಮಡಿಯಲ್ಲೇ ಉಪ್ಪು ಕಡಿಮೆ ಇತ್ತೋ ಏನೋ. ಅದಕ್ಕೇ ಒಂದೊಂದು ತಳಿಗೂ ಹಲವು ಮಡಿ ಕೊಡುತ್ತಾರೆ, ಯಾವ ಮಡಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದ ರೊನಾಲ್ಡ್ ಫಿಷರ್ ಅಲ್ಲಿನ ಹೊಲಗಳ ಲೆಕ್ಕ ಮಾಡುತ್ತಲೇ ರೂಪಿಸಿದ ಕ್ರಮ ಇದು. ಇಂದು ಹೊಸ ಔಷಧಿ, ಲಸಿಕೆಗಳ ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ. ಸಂಶೋಧಕರ ಆಸೆಯಾಗಲಿ ಅನುಮಾನವಾಗಲಿ ಫಲಿತಾಂಶದೊಳಗೆ ನುಸುಳದಂತೆ ತಡೆಯುವ ಶಕ್ತಿ ಆ ಚೀಟಿಗೆ ಇದೆ.

ಇಷ್ಟಾದರೂ ರೈತರ ಒಂದು ಪ್ರಶ್ನೆ ಉಳಿಯುತ್ತದೆ: ‘ನಿಮ್ಮ ಕೇಂದ್ರದಾಗ ಬಂದಷ್ಟು ಇಳುವರಿ ನಮ್ಮ ಹೊಲದಾಗ ಯಾಕ ಬರಂಗಿಲ್ಲ?’ ಅದು ದೂರಲ್ಲ, ಸಂಶೋಧನೆಯ ಮಿತಿಯನ್ನು ಸರಿಯಾಗಿ ಮುಟ್ಟುವ ಪ್ರಶ್ನೆ. ಕೇಂದ್ರದಲ್ಲಿ ನೀರು ಹೊತ್ತಿಗೆ ಸರಿಯಾಗಿ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ಮಾನ್ವಿ, ರಾಯಚೂರಿನ ಕಡೆ, ನೀರು ಬರುವುದೇ ದೊಡ್ಡ ಮಾತು. ಮೊದಲ ಯೋಜನೆಯ ಲೆಕ್ಕದಲ್ಲಿ ಈ ಕಾಲುವೆಯ ಬಹುಪಾಲು ನೀರು ಅರೆ ನೀರಾವರಿ ಬೆಳೆಗಳಿಗೆ ಮೀಸಲು. ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದರಿಂದ ಕೊನೆಯಂಚಿನವರ ಪಾಲು ಕರಗಿತು. ಇಲ್ಲಿ ಬೇಕಾದ್ದು ಇನ್ನೊಂದು ತಳಿ ಪ್ರಯೋಗವಲ್ಲ. ನೀರು ಯಾರು ಬಿಡುತ್ತಾರೆ, ಯಾರು ತಡೆಯುತ್ತಾರೆ, ನೀರು ಬಳಕೆದಾರರ ಸಂಘದಲ್ಲಿ ಯಾರ ಮಾತು ನಡೆಯುತ್ತದೆ ಎಂದು ರೈತರ ಜೊತೆ ಕೂತು ನೋಡುವ, ಒಂದು ಉಪಕಾಲುವೆಯಲ್ಲಿ ಹಂಚಿಕೆಯನ್ನು ಬದಲಿಸಿ ಮತ್ತೆ ನೋಡುವ ಕ್ರಿಯಾ ಸಂಶೋಧನೆ ಬೇಕು. ತಳಿಗೆ ಸಿಗುವ ಅನುದಾನದ ಕಾಲು ಭಾಗವಾದರೂ ಇಂಥ ಕೆಲಸಕ್ಕೆ ಸಿಗಬೇಕೆಂದು ನನ್ನ ಬಲವಾದ ನಂಬಿಕೆ.

ಚೀಟಿ ಎತ್ತುವ ಪ್ರಯೋಗಕ್ಕೂ ಸುಮ್ಮನೆ ಎಣಿಸುವ ಸಮೀಕ್ಷೆಗೂ ನಡುವೆ ಇನ್ನೊಂದು ಬಗೆಯಿದೆ. 2021ರ ಡಿಸೆಂಬರ್‌ನಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದರು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ವಿರೋಧವೂ ಬಂತು. ಮೊಟ್ಟೆಯಿಂದ ಮಕ್ಕಳ ಬೆಳವಣಿಗೆ ಸುಧಾರಿಸಿತೇ ಎಂದು ತಿಳಿಯಲು ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು, ಆಗಿನ್ನೂ ಸಿಗದಿದ್ದ ಗದಗದ ಮಕ್ಕಳ ಜೊತೆ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ಹರಡಿತು. ಯಾವ ಜಿಲ್ಲೆಗೆ ಮೊಟ್ಟೆ ಎಂಬುದನ್ನು ಇಲ್ಲಿ ಚೀಟಿ ನಿರ್ಧರಿಸಲಿಲ್ಲ, ಸರ್ಕಾರ ನಿರ್ಧರಿಸಿತ್ತು. ಎರಡು ಜಿಲ್ಲೆಗಳ ನಡುವೆ ಮೊಟ್ಟೆಯೊಂದೇ ವ್ಯತ್ಯಾಸ ಅಲ್ಲ. ಹೀಗೆ ತಾನಾಗಿ ಒದಗಿದ ಹೋಲಿಕೆಯನ್ನು ಅರೆ ಪ್ರಯೋಗ ಎನ್ನಬಹುದು. ಅದರ ಮಾತಿಗೆ ತೂಕವಿದೆ, ಕೊನೆಯ ಮಾತು ಅದಲ್ಲ. ಆದರೂ ಮಕ್ಕಳ ತಟ್ಟೆಯ ವಿಚಾರದಲ್ಲಿ ಇಷ್ಟು ಪುರಾವೆ ಸಾಕು ಎಂದು ಸರ್ಕಾರ ಮುಂದುವರಿದದ್ದು ಸರಿಯಾಗಿಯೇ ಇತ್ತು.

ಎಣಿಕೆ ಹೇಳುವುದು, ಎಣಿಕೆಗೆ ಸಿಗದ್ದು

ಅಳತೆಯೂ ವಿಧಾನದ ಕೂಸು ಎಂಬುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2008ರ ಹೂಳಿನ ಸಮೀಕ್ಷೆ 100.855 ಎಂದಿತು, 2016ರದು 105.788 ಎಂದಿತು. ಎಂಟು ವರ್ಷದಲ್ಲಿ ಜಲಾಶಯದ ಹೂಳು ತಾನಾಗಿ ಖಾಲಿಯಾಗುವುದಿಲ್ಲ. ಅಳೆಯುವ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ. ಎರಡು ವರದಿಗಳ ಅಂಕಿಗಳನ್ನು ಹೋಲಿಸುವ ಮುನ್ನ ಎರಡರ ವಿಧಾನದ ಅಧ್ಯಾಯವನ್ನೂ ತೆರೆದು ನೋಡಬೇಕು.

ಈ ಭಾಗದ ರಾಜಕಾರಣದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವುದು ಪ್ರಾದೇಶಿಕ ಅಸಮಾನತೆ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಮಾಡಿದ ಅಧ್ಯಯನ. 2002ರಲ್ಲಿ ಬಂದ ಆ ವರದಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ದೇವದುರ್ಗ ಪಟ್ಟಿಯ ತಳದಲ್ಲಿತ್ತು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಶಿಫಾರಸು ಮಾಡಿತು. ಸಂಶೋಧನೆಯ ಬಗೆಯಿಂದ ನೋಡಿದರೆ ಇದು ಇಲಾಖೆಗಳು ಈಗಾಗಲೇ ಸಂಗ್ರಹಿಸಿದ್ದ ಅಂಕಿ–ಅಂಶಗಳನ್ನು ಜೋಡಿಸಿದ ವಿವರಣಾತ್ಮಕ ಅಧ್ಯಯನ. ಯಾರು ಎಷ್ಟು ಹಿಂದಿದ್ದಾರೆ ಎಂದು ಹೇಳುವುದರಲ್ಲಿ ಅದರ ಶಕ್ತಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಡೆದ ಹೋರಾಟಕ್ಕೆ ಅದು ಕೊಟ್ಟ ಬಲ ಸಣ್ಣದಲ್ಲ. ಆದರೆ ಹಣ ಬಂದ ಮೇಲೂ ದೇವದುರ್ಗ ಏಕೆ ಮೇಲೇಳಲಿಲ್ಲ ಎಂದು ಅದೇ ಸೂಚ್ಯಂಕವನ್ನು ಕೇಳಿ ಪ್ರಯೋಜನವಿಲ್ಲ. ತಾಲ್ಲೂಕಿನ ಸರಾಸರಿಯಲ್ಲಿ ತಾಂಡಾ, ಹಟ್ಟಿ, ಕಾಲುವೆ ಬದಿಯ ಸಿರಿವಂತ ಊರು ಎಲ್ಲವೂ ಕಲಸಿಹೋಗಿರುತ್ತವೆ. ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ 2024ರಲ್ಲಿ ಪ್ರಾದೇಶಿಕ ಅಸಮಾನತೆಯ ಬಗ್ಗೆ ಇನ್ನೊಂದು ಸಮಿತಿ ರಚನೆಯಾಯಿತು. ‘ಎಷ್ಟು’ ಎಂಬ ಪ್ರಶ್ನೆಯ ಜೊತೆಗೆ ‘ಏಕೆ’ ಎಂಬುದಕ್ಕೂ ಹೊಂದುವ ಅಧ್ಯಯನ ಈ ಸಲವಾದರೂ ಆಗಬೇಕು.

‘ಏಕೆ’ ಎಂಬುದಕ್ಕೆ ಬಹಳ ಸಲ ಪ್ರಶ್ನಾವಳಿ ಮೂಕವಾಗಿರುತ್ತದೆ. ದೇವದಾಸಿ ಮಹಿಳೆಯರ ಸಮೀಕ್ಷೆಯನ್ನು ಸರ್ಕಾರ 1993–94ರಲ್ಲಿ ಒಮ್ಮೆ, 2007–08ರಲ್ಲಿ ಮತ್ತೊಮ್ಮೆ ನಡೆಸಿತು. ಪದ್ಧತಿಯೇ ಅಪರಾಧವೆಂದು ಕಾನೂನು ಸಾರಿದ ಮೇಲೆ, ಮನೆ ಬಾಗಿಲಿಗೆ ಪಟ್ಟಿ ಹಿಡಿದು ಬಂದ ಸಿಬ್ಬಂದಿಯ ಎದುರು ‘ಹೌದು’ ಎನ್ನುವುದು ಎಷ್ಟು ಕಷ್ಟ ಎಂದು ಯೋಚಿಸಿ. ಮಾಸಾಶನ ಸಿಗುತ್ತದೆಂದು ಒಬ್ಬಾಕೆ ಹೇಳುತ್ತಾಳೆ, ಮಗಳ ಮದುವೆಗೆ ಅಡ್ಡಿಯಾದೀತೆಂದು ಇನ್ನೊಬ್ಬಾಕೆ ಮುಚ್ಚಿಡುತ್ತಾಳೆ. ಸಮೀಕ್ಷೆಯ ಸಂಖ್ಯೆಯಲ್ಲಿ ಈ ಭಯ, ಈ ಲೆಕ್ಕಾಚಾರ ಎರಡೂ ಸೇರಿರುತ್ತವೆ. ಅದನ್ನು ಬಿಡಿಸಿ ನೋಡಬೇಕಾದರೆ ಗುಣಾತ್ಮಕ ಸಂಶೋಧನೆಯೇ ಆಗಬೇಕು. ತಿಂಗಳುಗಟ್ಟಲೆ ಊರಲ್ಲಿದ್ದು, ನಂಬಿಕೆ ಗಳಿಸಿ, ಅವರ ಬದುಕಿನ ಕಥೆಯನ್ನು ಅವರ ಮಾತಲ್ಲೇ ಕೇಳಬೇಕು. ಇದನ್ನು ‘ಬರೀ ಕಥೆ, ಇದರಲ್ಲಿ ಅಂಕಿ ಎಲ್ಲಿದೆ?’ ಎಂದು ತಳ್ಳಿಹಾಕುವ ಪರೀಕ್ಷಕರು ಈಗಲೂ ಇದ್ದಾರೆ. ಅದು ಅರಿವಿಲ್ಲದ ಮಾತು. ಇಪ್ಪತ್ತು ಹೆಂಗಸರ ಜೊತೆಗಿನ ಆಳವಾದ ಮಾತುಕತೆ ಸಾವಿರ ಜನರ ಪ್ರಶ್ನಾವಳಿಗೆ ಕಾಣದ್ದನ್ನು ಕಾಣಿಸಬಲ್ಲದು. ಆದರೆ ಆ ಇಪ್ಪತ್ತು ಜನರಿಂದ ಇಡೀ ಜಿಲ್ಲೆಯ ಶೇಕಡಾವಾರು ಲೆಕ್ಕ ತೆಗೆಯುವಂತಿಲ್ಲ.

ಪ್ರಶ್ನೆ, ಬಗೆ, ತೀರ್ಮಾನ ಮೂರೂ ಹೊಂದಿಕೊಂಡ ಒಂದು ನಿದರ್ಶನ ಬಳ್ಳಾರಿಯಲ್ಲೇ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದಾಗ, ಇಡೀ ಜಿಲ್ಲೆಯ ಪರಿಸರದ ಮೇಲಾದ ಪರಿಣಾಮವನ್ನು ಒಟ್ಟಾಗಿ ನೋಡುವಂತೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮತ್ತು ಶಿಕ್ಷಣ ಮಂಡಳಿಗೆ ವಹಿಸಿತು. ಅದುವರೆಗೆ ಒಂದೊಂದು ಗಣಿಗೂ ಒಂದೊಂದು ವರದಿ ಇರುತ್ತಿತ್ತು, ಪ್ರತಿ ವರದಿಯಲ್ಲೂ ಆ ಗಣಿಯಿಂದಾಗುವ ಹಾನಿ ಅಲ್ಪ ಎಂದೇ ಕಾಣುತ್ತಿತ್ತು. ಒಟ್ಟು ನೋಡಿದಾಗ ಪ್ರಶ್ನೆಯೇ ಬದಲಾಯಿತು: ಈ ನೆಲ, ಈ ರಸ್ತೆ, ಈ ಗಾಳಿ ಎಷ್ಟು ಅದಿರನ್ನು ತಾಳಬಲ್ಲವು? ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್ ಎಂಬ ಮಿತಿ ಹೀಗೆ ಬಂತು. ಮುಂದೆ ಆ ಮಿತಿಯನ್ನು ಏರಿಸಲಾಯಿತು ಎಂಬುದು ಬೇರೆ ಮಾತು.

ಬೂದಿಗುಡ್ಡ ಕಲಿಸುವ ಪಾಠ

ಇಷ್ಟೆಲ್ಲ ಹೇಳಿದ ಮೇಲೆ ‘ಸಂಶೋಧನೆ ಎಂದರೆ ಜನರ ಸಮಸ್ಯೆ ಬಗೆಹರಿಸಬೇಕು, ಹಳೆ ಕಲ್ಲು ಓದಿ ಏನು ಬಂತು’ ಎಂದು ಕೇಳುವವರೂ ಇದ್ದಾರೆ. ತಿಳಿಯಬೇಕೆಂಬ ಒಂದೇ ಕಾರಣಕ್ಕೆ ನಡೆಯುವ ಮೂಲ ಸಂಶೋಧನೆಗೆ ನಮ್ಮ ನೆಲದಲ್ಲೇ ದೊಡ್ಡ ಪರಂಪರೆಯಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡರು. ‘ದೇವಾನಾಂಪ್ರಿಯ’ ಎಂದು ಕರೆದುಕೊಂಡು ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ಬರೆಸಿದ ದೊರೆ ಅಶೋಕನೇ ಇರಬೇಕು ಎಂದು ವಿದ್ವಾಂಸರು ಅದುವರೆಗೆ ಪಾಳಿ ಗ್ರಂಥಗಳ ಬಲದಿಂದ ಹೇಳುತ್ತಿದ್ದರು. ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಇತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರಿನ ಶಾಸನದಲ್ಲೂ ಆ ಹೆಸರು ಸಿಕ್ಕಿತು.

ಬೂದಿಗುಡ್ಡಗಳ ಕಥೆ ಇನ್ನೂ ಸ್ವಾರಸ್ಯದ್ದು. ಬಳ್ಳಾರಿ ಸುತ್ತ ಕುಡುತಿನಿ, ಸಂಗನಕಲ್ಲು, ಕಪಗಲ್ಲು ಕಡೆ ಬೂದಿಯ ದಿಬ್ಬಗಳಿವೆ. ಕುಡುತಿನಿಯದು ಹಿಡಿಂಬಾಸುರನನ್ನು ಸುಟ್ಟ ಬೂದಿ, ಹಂಪಿ ಬಳಿಯ ನಿಂಬಾಪುರದ್ದು ವಾಲಿಯ ಚಿತೆ ಎಂದು ಜನ ಹೇಳುತ್ತಾರೆ. ಹತ್ತೊಂಬತ್ತನೇ ಶತಮಾನದ ವಿದ್ವಾಂಸರಲ್ಲೂ ಒಮ್ಮತ ಇರಲಿಲ್ಲ: ಜ್ವಾಲಾಮುಖಿಯದು ಎಂದರು ಕೆಲವರು, ಲೋಹ ಕರಗಿಸಿದ್ದು ಎಂದರು ಇನ್ನು ಕೆಲವರು, ಸಾಮೂಹಿಕ ದಹನದ್ದು ಎಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನೆಲ ಸುತ್ತಿ, ಕಲ್ಲಿನ ಕೊಡಲಿಗಳನ್ನು ಕೂಡಿಸಿ, ಇದು ದನಗಾಹಿಗಳು ಸುಟ್ಟ ಸಗಣಿ ಎಂದರು. ಅದೂ ಆಗ ಒಂದು ಊಹೆಯೇ. 1960ರಲ್ಲಿ ಎಫ್.ಇ. ಜ್ಯೂನರ್ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದು ಸಗಣಿಯೇ ಎಂದು ತೋರಿಸಿದರು. ಕೃಷ್ಣೆಯಾಚೆಯ ಉಟ್ನೂರಿನಲ್ಲಿ ಅಗೆದ ಪುರಾತತ್ವಜ್ಞ ಆಲ್ಚಿನ್‌ಗೆ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತೇ ಸಿಕ್ಕಿತು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಈ ಬಯಲಲ್ಲಿ ದನ ಸಾಕಿ ಬದುಕಿದ ಜನರ ಚಿತ್ರ ಹೀಗೆ ಮೂಡಿತು. ಕ್ಷೇತ್ರಕಾರ್ಯ, ಪ್ರಯೋಗಾಲಯ, ಉತ್ಖನನ ಮೂರೂ ಸೇರಿದ ಮೇಲೆಯೇ ಉತ್ತರ ನಿಂತಿತು. ಹಿಡಿಂಬಾಸುರನ ಕಥೆಯೂ ಇದರಿಂದ ಕಸವಾಗಲಿಲ್ಲ. ಜನರ ನೆನಪು ತಮ್ಮ ನೆಲವನ್ನು ಹೇಗೆ ಅರ್ಥಮಾಡಿಕೊಂಡಿತು ಎಂಬುದು ಜಾನಪದ ಸಂಶೋಧನೆಯ ಪ್ರಶ್ನೆ, ಅದಕ್ಕೆ ಆ ಕಥೆಯೇ ಆಕರ.

ಈಗ ನಮ್ಮ ವಿಶ್ವವಿದ್ಯಾಲಯಗಳ ಮಾತು. ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರದು, ಕೊಪ್ಪಳದ್ದು 2023ರದು. ಇಲ್ಲಿಗೆ ಬರುವ ಸಂಶೋಧನಾರ್ಥಿಗಳಲ್ಲಿ ಅನೇಕರು ತಮ್ಮ ಮನೆಯ ಮೊದಲ ಪದವೀಧರರು. ಈ ಜಿಲ್ಲೆಗಳ ನಿಜವಾದ ಪ್ರಶ್ನೆಗಳು ಅವರ ಮೈಮೇಲೆಯೇ ಇವೆ. ಆದರೆ ವಿಷಯ ಗೊತ್ತಾಗುವ ಮೊದಲೇ ವಿಧಾನ ನಿರ್ಧಾರವಾಗಿರುತ್ತದೆ. ಒಂದು ಪ್ರಶ್ನಾವಳಿ, ಕೈಗೆ ಸಿಕ್ಕ ನೂರಿನ್ನೂರು ಜನ, ಶೇಕಡಾವಾರು ಕೋಷ್ಟಕ, ಕೊನೆಗೆ ‘ಸರ್ಕಾರ ಗಮನ ಹರಿಸಬೇಕು’ ಎಂಬ ಸಲಹೆ. ಕಾರಣ ಕೇಳುವ ಪ್ರಶ್ನೆಗೂ ಇದೇ ಅಚ್ಚು, ಬದುಕಿನ ಅನುಭವ ಕೇಳುವ ಪ್ರಶ್ನೆಗೂ ಇದೇ ಅಚ್ಚು. ತಪ್ಪು ವಿದ್ಯಾರ್ಥಿಯದಲ್ಲ. ಮೂರು ವರ್ಷದ ಫೆಲೋಶಿಪ್, ಖಾಲಿ ಬಿದ್ದ ಅಧ್ಯಾಪಕ ಹುದ್ದೆ, ಬೇಗ ಮುಗಿಸಬೇಕೆಂಬ ಒತ್ತಡ ಸೇರಿ ಆ ಅಚ್ಚನ್ನು ಮಾಡಿವೆ.

ನಿಯಮಗಳೂ ಬದಲಾಗಿವೆ. ಪ್ರಬಂಧ ಸಲ್ಲಿಸುವ ಮುನ್ನ ನಿಯತಕಾಲಿಕದಲ್ಲಿ ಲೇಖನ ಪ್ರಕಟಿಸಲೇಬೇಕು ಎಂಬ ಷರತ್ತನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಕೈಬಿಟ್ಟಿತು. ಒಳ್ಳೆಯ ನಿಯತಕಾಲಿಕಗಳ ಯುಜಿಸಿ–ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿ, ಗುಣಮಟ್ಟ ನೋಡುವ ಹೊಣೆಯನ್ನು ಆಯಾ ಸಂಸ್ಥೆಗೇ ಬಿಟ್ಟಿತು. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ನಿಯತಕಾಲಿಕಗಳಿಗೆ ಇದು ಸುಗ್ಗಿಯಾಗಬಹುದು. ಆದರೆ ಇದರಲ್ಲಿ ಅವಕಾಶವೂ ಇದೆ. ಪಟ್ಟಿಯ ಹೆಸರು ನೋಡುವುದನ್ನು ಬಿಟ್ಟು, ಪ್ರಶ್ನೆಗೂ ವಿಧಾನಕ್ಕೂ ಹೊಂದಿಕೆ ಇದೆಯೇ ಎಂದು ವಿಭಾಗದ ಸಮಿತಿಯೇ ನೋಡಲಿ.

ನನ್ನದೊಂದು ಸಲಹೆ. ಈ ಮೂರು ಜಿಲ್ಲೆಗಳ ಪ್ರತಿ ಸ್ನಾತಕೋತ್ತರ ವಿಭಾಗವೂ ಒಂದು ಹಳ್ಳಿಯನ್ನೋ ಒಂದು ಉಪಕಾಲುವೆಯನ್ನೋ ಆರಿಸಿಕೊಳ್ಳಲಿ. ಈ ವರ್ಷ ಒಬ್ಬ ವಿದ್ಯಾರ್ಥಿನಿ ಅಲ್ಲಿನ ಮನೆಗಳು, ಬೆಳೆ, ನೀರು, ಸಾಲ, ವಲಸೆ ಎಲ್ಲವನ್ನೂ ದಾಖಲಿಸಲಿ. ಆಕೆಯ ಪ್ರಶ್ನಾವಳಿ, ಟಿಪ್ಪಣಿ, ದತ್ತಾಂಶ ಗೈಡ್ ಮನೆಯ ಅಟ್ಟ ಸೇರದೆ ವಿಭಾಗದಲ್ಲಿ ಉಳಿಯಲಿ. ಮೂರು ವರ್ಷದ ನಂತರ ಇನ್ನೊಬ್ಬ ವಿದ್ಯಾರ್ಥಿ ಅದೇ ಮನೆಗಳಿಗೆ ಹೋಗಲಿ. ಜೊತೆಗೆ ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬ ಅದೇ ಊರಿನ ಹಿರಿಯರ ಮಾತನ್ನು ಧ್ವನಿಮುದ್ರಿಸಲಿ, ಮಣ್ಣು ವಿಜ್ಞಾನದವರು ಅದೇ ಹೊಲಗಳ ಉಪ್ಪನ್ನು ಅಳೆಯಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬಸ್ ಚಾರ್ಜು, ಒಂದು ಬೀರು, ವಿಭಾಗದ ಸಭೆಯಲ್ಲಿ ಒಂದು ನಿರ್ಣಯ ಸಾಕು. ಹತ್ತು ವರ್ಷದ ಹೊತ್ತಿಗೆ ಮೇಲ್ಭಾಗದ ಒಂದು ಊರು, ಕೊನೆಯಂಚಿನ ಒಂದು ಊರು, ಕಾರ್ಖಾನೆ ಬದಿಯ ಒಂದು ಊರು, ಈ ಮೂರರ ನಾಲ್ಕು ನಾಲ್ಕು ಸುತ್ತಿನ ದಾಖಲೆ ನಮ್ಮ ಕೈಯಲ್ಲೇ ಇರುತ್ತದೆ.